‘ಶೋ’ ಎಂದು ಕೊಯ್ದ ಕಂಬಗಳು

ಕಟ್ಟಡ ನವೀಕರಣದ ಹೊಣೆ ಹೊತ್ತ ಮಾನ್ಯರೇ,

ಹೊಸಪೇಟೆಯ ಹಳೆಯ ಅದಿರು ಕಂಪನಿ ಕಟ್ಟಡದ ಪಡುವಣ ಮುಖದಲ್ಲಿ ನೀವು ಕೊಯ್ಸಿದ್ದು ಅಲಂಕಾರವನ್ನಲ್ಲ, ಕಂಬಗಳನ್ನು. ಈಗ ಮೂಡಣ ಮುಖಕ್ಕೂ ಯಂತ್ರ ತರಿಸಿದ್ದೀರಿ. ನಿಲ್ಲಿಸಿ.

ಅರುವತ್ತರ ದಶಕದಲ್ಲಿ ಅದನ್ನು ರೂಪಿಸಿದ ವಾಸ್ತುಶಿಲ್ಪಿ ನೋಟಕ್ಕೆಂದು ಒಂದು ಬಾಂಡ್ಲಿ ಸಿಮೆಂಟನ್ನೂ ಖರ್ಚು ಮಾಡಿರಲಿಲ್ಲ. ನೆಲದಿಂದ ಚಾವಣಿಯವರೆಗೆ ಸಾಲಾಗಿ ನಿಂತ ಆ ತೆಳ್ಳನೆಯ ಕಾಂಕ್ರೀಟ್ ಹಲಗೆಗಳು ನಮ್ಮೂರ ಬಿಸಿಲನ್ನೂ ತಡೆಯುತ್ತವೆ, ಮಹಡಿಗಳ ಅಂಚನ್ನೂ ಹೊರುತ್ತವೆ. ಒಳಗಿನ ಹಜಾರದಲ್ಲಿ ಒಂದೂ ಕಂಬವಿಲ್ಲದಿರುವುದು ಅದಕ್ಕೇ. ಹಾಗಾದರೆ ಭಾರ ಹೊತ್ತವರು ಯಾರು ಎಂಬ ಪ್ರಶ್ನೆ ನಿಮ್ಮ ಕಚೇರಿಯಲ್ಲಿ ಯಾರಿಗೂ ಹುಟ್ಟಲಿಲ್ಲವೇ? ಗಾಜಿನ ಹೊದಿಕೆಯ ಬಣ್ಣ ಆರಿಸಲು ಸಭೆಯ ಮೇಲೆ ಸಭೆ ನಡೆಸಿದವರಿಗೆ ಬಿಡುವು ಸಿಗದಿದ್ದುದು ಸಹಜ.

ನಮ್ಮ ಕಡೆ ಮನೆಯ ಮುಂಭಾಗದಲ್ಲಿ ಚೆಂದಕ್ಕೆ ಕಟ್ಟಿಸುವುದೆಲ್ಲ ‘ಶೋ’. ನಾನು ಸ್ಟ್ರಕ್ಚರಲ್ ಎಂಜಿನಿಯರ್. ಕೆಲಸ ಶುರುವಾದ ದಿನವೇ ಗುತ್ತಿಗೆದಾರ ಲಿಂಗರಾಜನನ್ನು ತಡೆದು ವಿವರಿಸಿದೆ. ಆತ ನಕ್ಕ: “ಸರ, ಅವು ಶೋ ಅದಾವ್ರಿ. ಸಾಹೇಬ್ರ ಹೇಳ್ಯಾರ. ಹಳೇದಂದ್ರ ನಿಮಗ ಭಾಳ ಪ್ರೀತಿ ಇದ್ರ ಹಂಪಿಗೆ ಹೋಗ್ರಲ್ಲ!” ಸಾರುವೆಯ ಮೇಲಿಂದ ಎಮ್ಮಿಗನೂರಿನ ಕೂಲಿಯಾಳು ಗವಿಸಿದ್ದಪ್ಪ ಕೂಗಿದರು: “ಜಲ್ದಿ ಮುಗಸ್ರಿ ಮಾತು, ಚಾ ಆರತೈತಿ!”

ನಿಮಗೂ ಬರೆದು ತಿಳಿಸಿದೆ. ‘ಸೌಂದರ್ಯದ ಕುರಿತ ವೈಯಕ್ತಿಕ ಅಭಿಪ್ರಾಯ’ ಎಂದು ಉತ್ತರಿಸಿದಿರಿ. ಮರುವಾರ ಮಹಡಿಯ ಅಂಚು ಕುಸಿದು, ಗವಿಸಿದ್ದಪ್ಪ ಅದರಡಿ ಸಿಕ್ಕಿ ತೀರಿಕೊಂಡರು. ನೀವು ಕಟ್ಟಡದ ವಯಸ್ಸನ್ನು ದೂರಿದಿರಿ. ಶವಾಗಾರದ ಮುಂದೆ ಅವರ ಹೆಂಡತಿ ಹುಲುಗಮ್ಮ ನನ್ನನ್ನು ಕೇಳಿದ್ದು ಇಷ್ಟೇ: “ಯಣ್ಣಾ, ನಿಮಗ ಗೊತ್ತಿತ್ತಂತಲ್ರಿ. ಅವರಿಗ್ಯಾಕ ಗೊತ್ತಾಗಲಿಲ್ಲ?” ಆ ಪ್ರಶ್ನೆಯನ್ನು ಅದರ ವಿಳಾಸಕ್ಕೆ ತಲುಪಿಸುತ್ತಿದ್ದೇನೆ.

ಕುಸಿದ ಭಾಗಕ್ಕೆ ಬೀಗ ಜಡಿದು, ಅಲ್ಲಿನ ಗುಮಾಸ್ತರನ್ನೂ ಕಪಾಟುಗಳನ್ನೂ ಮೂಡಣ ಬದಿಗೆ ತುಂಬಿಸಿದ್ದೀರಿ. ಈಗ ಕೊಯ್ಯಹೊರಟಿರುವ ಬದಿಯೂ ಅದೇ. ಅಲ್ಲಿ ಕೂರುವವರಲ್ಲಿ ನನ್ನ ಹೆಂಡತಿ ದೇವಿಕಾ ಒಬ್ಬಳು. ರಜೆ ಹಾಕು ಎಂದೆ. “ನಾ ಒಬ್ಬಾಕಿ ಮನ್ಯಾಗ ಕುಂತ್ರ, ಉಳಿದವ್ರು ಏನ್ ಮಾಡಬೇಕ್ರಿ?” ಎಂದಳು.

ಆದ್ದರಿಂದ ಯಂತ್ರವನ್ನು ಹಿಂದಕ್ಕೆ ಕಳಿಸಿ. ಎರಡೂ ಬದಿಗೆ ಉಕ್ಕಿನ ಆಸರೆ ಕೊಡಿಸಿ. ಅದಾಗುವವರೆಗೆ ಕಟ್ಟಡವನ್ನು ಖಾಲಿ ಮಾಡಿಸಿ. ಇದೂ ಅಭಿಪ್ರಾಯವೆಂದೇ ಕಂಡರೆ, ಸೋಮವಾರ ಕೊಯ್ಯಲು ಶುರುಮಾಡುವ ಮೊದಲು ನಿಮ್ಮ ಕುರ್ಚಿಯನ್ನು ದೇವಿಕಾಳ ಮೇಜಿನ ಪಕ್ಕಕ್ಕೆ ಹಾಕಿಸಿಕೊಳ್ಳಿ.

ಇಂತಿ,
ಸೋಮವಾರ ಬೆಳಿಗ್ಗೆಯೂ ಹೆಂಡತಿಯನ್ನು ಸ್ಕೂಟರಿನಲ್ಲಿ ಅಲ್ಲಿಗೇ ಬಿಟ್ಟುಬರಬೇಕಾಗಿರುವ ಒಬ್ಬ ಎಂಜಿನಿಯರ್