ಸರಳು ತಿರುಗಿಸುವ ಗಳಿಗೆ

ಸೋರ್‌ವುಡ್ ಫೋರ್ಕ್, ಕೆಂಟಕಿ
14 ಅಕ್ಟೋಬರ್ 1932

ಪ್ರೀತಿಯ ತಮ್ಮ ಹೋಬರ್ಟ್,

ಕೆಮ್ಮು ಹೇಗಿದೆ? ಜೈಲಿನ ಥಂಡಿ ಎದೆಗೆ ಇಳಿಯದಂತೆ ನಾನು ಹೆಣೆದ ಉಣ್ಣೆ ಬನಿಯನ್ ಹಾಕಿಕೋ. ಅದನ್ನು ಯಾರಿಗೋ ಕೊಟ್ಟು ಹೊಗೆಸೊಪ್ಪು ತಗೊಂಡೆ ಎಂದು ಮಾತ್ರ ಬರೆಯಬೇಡ. ಈ ಪತ್ರ ಒಡೆದು ಓದುವ ಜೈಲಿನವನಿಗೂ ನನ್ನ ನಮಸ್ಕಾರ. ಇಲ್ಲಿ ಬೀನ್ಸ್ ದಾರಕ್ಕೆ ಪೋಣಿಸಿ ಒಣಗಿಸಿದ್ದಾಯಿತು. ಅಪ್ಪನ ಉಬ್ಬಸ ಗಣಿ ಕೊಟ್ಟ ಪಿಂಚಣಿ, ತಪ್ಪದೆ ದಿನವೂ ಬರುತ್ತದೆ. ನಿನ್ನನ್ನು ಬಿಡಿಸುವ ಮಾತೂ ಎದ್ದಿದೆ. ಅದಕ್ಕೆ ಕೊನೆಗೆ ಬರುತ್ತೇನೆ, ಮೊದಲು ಇದನ್ನು ಓದು.

ಕಳೆದ ಶನಿವಾರ ಕಂಪನಿಯವರು ಪಿಟೀಲು ಪಂದ್ಯ ಇಟ್ಟಿದ್ದರು. ಮುಷ್ಕರದಲ್ಲಿ ನಮ್ಮ ಮೇಲೆ ಬಂದೂಕು ಹಿಡಿದವರಿಗೆ ಈಗ ನಮ್ಮ ಸಂಗೀತದ ಮೇಲೆ ಪ್ರೀತಿ ಹುಟ್ಟಿದೆ. ಗಣಿಯ ಸೂಪರಿಂಟೆಂಡೆಂಟ್ ಬ್ಲೆವಿನ್ಸ್ ಬೆಟ್ಟದ ಬಿಳಿಯರ ಅಪ್ಪಟ ಸಂಗೀತವೆಂದು ಪುಸ್ತಕ ಅಚ್ಚು ಹಾಕಿಸುತ್ತಾನಂತೆ. ಮೊದಲ ಪುಟಕ್ಕೇ ನಮ್ಮ ‘ಸರಳು ತಿರುಗಿಸು’ ಬೇಕಂತೆ. ಅದು ನಮ್ಮ ಮುತ್ತಾತ ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ತಂದ ಮಟ್ಟು ಎಂದು ಅಪ್ಪ ಕೊಚ್ಚಿಕೊಂಡದ್ದು ಅವನ ಕಿವಿಗೂ ಬಿದ್ದಿದೆ. ಮುಷ್ಕರದ ದಿನ ಕರಿಯರೂ ಬಿಳಿಯರೂ ಒಂದೇ ಸಾಲಿನಲ್ಲಿ ಅದೇ ಮಟ್ಟಿನ ತಾಳಕ್ಕೆ ಹೆಜ್ಜೆ ಹಾಕಿ ಗಣಿಯ ಬಾಗಿಲಿಗೆ ಹೋದೆವಲ್ಲ, ಅದನ್ನು ಅಳಿಸಬೇಕಾಗಿದೆ ಅವನಿಗೆ.

ಅಪ್ಪ ನುಡಿಸಿದ. ನಾನು ಎಂದಿನಂತೆ ಪಕ್ಕದಲ್ಲಿ ಕೂತು ಅವನ ಪಿಟೀಲಿನ ತಂತಿಗಳ ಮೇಲೆಯೇ ಕಡ್ಡಿಗಳಿಂದ ತಾಳ ಬಡಿದೆ. ಎರಡನೇ ಭಾಗದ ಕೊನೆಗೆ ಒಂದು ಪೆಟ್ಟು ಖಾಲಿ ಬಿಡುತ್ತೇವಲ್ಲ, ಅಲ್ಲಿ ಬ್ಲೆವಿನ್ಸ್ ಕೈ ಎತ್ತಿದ. “ಅಲ್ಲೊಂದು ಖಾಲಿ ಪೆಟ್ಟು ಜಾಸ್ತಿ ಆಯ್ತಲ್ಲೋ ಮುದುಕ. ಬೆಟ್ಟದೋರಿಗೆ ಎಣಿಸೋಕ್ ಬರಲ್ಲ, ಪಾಪ. ತೆಗೆದ್ಬಿಡು” ಎಂದ. ಅಪ್ಪ ಹಲ್ಲು ಕಿರಿದು, ತೆಗೆದು ನುಡಿಸಲು ಕಮಾನೂ ಎತ್ತಿದ.

ಆಗ ಹಿಂದಿನ ಬೆಂಚಿನಿಂದ, ಕರಿಯರನ್ನು ಅಲ್ಲಿಗೇ ತಳ್ಳಿದ್ದರು, ಟೆಂಪಿ ಗೇದರ್ ಅಜ್ಜಿ ಎದ್ದಳು. ವಾಶ್ ಗೇದರನ ಮಗಳು. ನೀನು ಜೋಳದ ರೊಟ್ಟಿ ಕದ್ದು ಸಿಕ್ಕಿಬಿದ್ದದ್ದು ಅವಳ ಕೈಗೇ. “ಆ ಪೆಟ್ಟು ತೆಗೆದ್ರೆ ನಮ್ಮಪ್ಪನ ಕೈ ಹೋಗುತ್ತೆ ಸಾಹೇಬ್ರೆ” ಎಂದಳು. “ರೈಲಿನ ಸುರಂಗ ಕೊರೆಯೋವಾಗ ಬಂಡೆಗೆ ತೂತು ಹೊಡೆಯೋ ಸರಳು ಹಿಡಿದು ಕೂರ್ತಿದ್ದೋನು ನಮ್ಮಪ್ಪ. ಮೇಲಿಂದ ಸುತ್ತಿಗೆ ಬೀಳ್ತಿತ್ತು. ತೂತಲ್ಲಿ ಕಲ್ಲಿನ ಪುಡಿ ಕಟ್ಕೊಂಡಾಗ ಸರಳನ್ನ ತಿರುಗಿಸಿ ಬಿಡಿಸ್ಬೇಕು. ಆಗ ಸುತ್ತಿಗೆಯೋನು ಒಂದು ಪೆಟ್ಟು ಹೊಡೀದೆ ಬಿಡ್ಬೇಕು. ಅದಕ್ಕೇ ಮಟ್ಟು ಕಟ್ಟೋವಾಗ ನಮ್ಮಪ್ಪ ಅಲ್ಲಿ ಜಾಗ ಇಟ್ಟ. ಎಣಿಸೋಕ್ ಬರದೆ ಅಲ್ಲ.” ಆಮೇಲೆ ಅಪ್ಪನ ಕಡೆ ತಿರುಗಿ, “ನಿಮ್ಮಪ್ಪ ಇದನ್ನ ಕಲಿತಿದ್ದು ನಮ್ಮನೆ ಜಗಲಿ ಮೇಲೆ. ಹೇಳಪ್ಪಾ, ಆ ಹಡಗು ನಮ್ಮ ಜಗಲಿಗೆ ಹೆಂಗೆ ಬಂತು?” ಎಂದಳು.

ಅಪ್ಪ ಎತ್ತಿದ ಕಮಾನು ಇಳಿಸಿದ. ನಾನು ಬಾಯಿ ಬಿಟ್ಟೆ. “ಇದು ವಾಶ್ ಗೇದರ್ ಕಟ್ಟಿದ ಮಟ್ಟು. ನಮ್ಮನೆಯೋರು ಮಟ್ಟು ಕಲಿತ್ರು, ಹೆಸರು ನುಂಗಿದ್ರು” ಎಂದು ಮತ್ತೆ ಬಡಿಯತೊಡಗಿದೆ. ಖಾಲಿ ಪೆಟ್ಟು ಬಂದಾಗ ಹಿಂದಿನ ಬೆಂಚುಗಳು ಉಸಿರು ಹಿಡಿದವು. ಎರಡನೇ ಸಲ ಮುಂದಿನ ಬೆಂಚಿನ ಗಣಿಯವರೂ ಹಿಡಿದರು. ಪಂದ್ಯ ಮುಗಿಯಿತೆಂದು ಬ್ಲೆವಿನ್ಸ್ ಸಾರಿದ.

ನಮ್ಮ ಕಾಲಡಿಯ ಕಲ್ಲಿದ್ದಲು ಕಿತ್ತುಕೊಂಡ ಕಂಪನಿಯವರನ್ನು ಕಳ್ಳರೆಂದು ನೀನು ಕೂಗಿದೆ, ಜೈಲಿಗೂ ಹೋದೆ. ಗೇದರ್ ಜಗಲಿಯಿಂದ ಮಟ್ಟು ಎತ್ತಿಕೊಂಡು ಬಂದ ನಮ್ಮನ್ನು ಏನೆಂದು ಕೂಗಬೇಕು?

ಅಮ್ಮ ಒಣಗಿಸಿದ ಸೇಬು ಕಳಿಸಿದ್ದಾಳೆ, ನಿನ್ನ ತಲೆ ಸವರಿದಷ್ಟೇ ಪ್ರೀತಿಯಿಂದ. ಬಾಗದೆ ಇರು.

ನಿನ್ನ ಅಕ್ಕ,
ಓರ್ಲೀನಾ

ತಾ.ಕ.: ಅಂಚೆಯವನು ಬಾಗಿಲಲ್ಲಿದ್ದಾನೆ. ಮಟ್ಟು ಸ್ಕಾಟ್ಲೆಂಡಿನದೆಂದು ಅಪ್ಪನೂ ನೀನೂ ರುಜು ಹಾಕಿದರೆ ನಿನ್ನ ಉಳಿದ ನಾಲ್ಕು ವರ್ಷ ಮನ್ನಾ ಮಾಡಿಸುತ್ತೇನೆಂದು ಬ್ಲೆವಿನ್ಸ್ ಕಾಗದ ಕಳಿಸಿದ. ಅಪ್ಪ ಮೂರು ದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇವತ್ತು ಬೆಳಿಗ್ಗೆ ಅಚ್ಚಿನ ಸಾಲುಗಳನ್ನೆಲ್ಲ ನನ್ನಿಂದ ಹೊಡೆದುಹಾಕಿಸಿ, ‘ವಾಶ್ ಗೇದರ್ ಕಟ್ಟಿದ್ದು’ ಎಂದು ಬರೆಸಿ, ಕೆಳಗೆ ರುಜುವಿನ ಬದಲು ತನ್ನ ಗೀಟು ಎಳೆದ. “ಹುಡುಗ ಬೈಕೊಂಡ್ರೆ ಬೈಕೊಳ್ಳಲಿ” ಎಂದ. ಒಳಗಿರುವವನು ನೀನು, ಹೊರಗೆ ಕೂತು ಧೈರ್ಯ ಹೇಳುವುದು ನನಗೆ ಸುಲಭ, ಗೊತ್ತು. ಆದರೂ ಕಾಗದ ಇದರೊಳಗೆ ಇಟ್ಟಿದ್ದೇನೆ. ಅಪ್ಪನ ಗೀಟಿನ ಕೆಳಗೆ ನಿನಗೆ ಜಾಗವಿದೆ. ರುಜು ಹಾಕಿ ಬ್ಲೆವಿನ್ಸ್‌ಗೆ ಕಳಿಸು.