ಇನ್ಸಾಫ್ ಖಾಲಾಳ ಬುಟ್ಟಿ

ನವೆಂಬರ್ 3, ಸೋಮವಾರ

ಹಂಡೆಯ ಮುಚ್ಚಳ ತೆಗೆಯುವಷ್ಟರಲ್ಲೇ ಜನ. ರಾತ್ರಿಯೆಲ್ಲ ಬೆಂದ ಫೂಲ್ ಕಾಳು, ರೊಟ್ಟಿ, ಈರುಳ್ಳಿ — ಕೈಗೆ ಬಿಡುವಿಲ್ಲ. ನಾಲ್ಕನೇ ಮಹಡಿಯ ಇನ್ಸಾಫ್ ಖಾಲಾ ಎಂದಿನಂತೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟಳು. ತುಂಬಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಇಡೀ ಗಲ್ಲಿಗೆ ಕೇಳುವಂತೆ ಕೂಗು: "ಏ ಶೆಹಾತಾ, ನಿನ್ನೆ ಮಿಕ್ಕಿದ್ದಕ್ಕೆ ಬಿಸಿನೀರು ಹುಯ್ದು ಕೊಡ್ತೀಯೇನೋ?"

ಎಲ್ಲರೂ ನಕ್ಕರು. ಮೆಕ್ಯಾನಿಕ್ ಬಯ್ಯೂಮಿ ಬೇರೆ, "ನನ್ನ ತಟ್ಟೇದು ಯಾವ ಫರೋಹನ ಕಾಲದ್ದಪ್ಪಾ?" ಅಂದ.

ನಿನ್ನೆಯದೇ. ಬೆರೆಸಿದ್ದೆ. ಅದಕ್ಕೇ ನನಗೆ ಇಷ್ಟು ಉರಿ.

ನವೆಂಬರ್ 4, ಬೆಳಿಗ್ಗೆ

ಬುಟ್ಟಿ ಇಳಿಯಿತು. ಕೂಗಿಲ್ಲ. ಪಾತ್ರೆಯೂ ಇಲ್ಲ — ಮನೆಯ ಕೀ. ಕೀ ಇಳಿಸಿದರೆ ಮೇಲೆ ಬಾ ಅಂತ. ಮೆಟ್ಟಿಲು ಹತ್ತಿ ಹೋಗಿ ಬೈಸಿಕೊಳ್ಳಲೇ? ಮುಟ್ಟಿ ನೋಡಿ ಅಲ್ಲೇ ಬಿಟ್ಟೆ. ನೇತಾಡಲಿ.

ಅದೇ ದಿನ, ಸಂಜೆ

ಮಧ್ಯಾಹ್ನ ಹೆಂಡತಿ ನಗಾತ್ ಅಂಗಡಿಗೆ ಬಂದಳು. "ಇದ್ಯಾಕ್ರೀ, ಕೀ ಹೀಗೆ ನೇತಾಡ್ತಿದೆ?" ಅಂದವಳು ಉತ್ತರಕ್ಕೆ ಕಾಯದೆ ಹತ್ತಿಯೇಬಿಟ್ಟಳು. ಅವಳಿಗಿರುವ ಬುದ್ಧಿ ನನಗಿಲ್ಲ.

ಖಾಲಾ ಬಾಲ್ಕನಿಯಲ್ಲಿ ಬಿದ್ದಿದ್ದಳು. ಸೊಂಟ ಮುರಿದಿತ್ತು, ನಾಲಿಗೆ ಒಣಗಿ ಮಾತು ಹೊರಡುತ್ತಿರಲಿಲ್ಲ. ರಾತ್ರಿಯೇ ಅಡುಗೆಮನೆಯಲ್ಲಿ ಬಿದ್ದು, ತೆವಳಿಕೊಂಡು ಬಂದು ಬುಟ್ಟಿ ಇಳಿಸಿದ್ದಾಳೆ. ಬಯ್ಯೂಮಿಯೂ ನಾನೂ ಹಾಸಿಗೆಯ ಮೇಲೆ ಮಲಗಿಸಿ ಹೊತ್ತು ಇಳಿಸಿದೆವು. ಆಸ್ಪತ್ರೆಯಲ್ಲಿ ಹೇಳಿದೆ — ಕೀ ಈಗಷ್ಟೇ ನೋಡಿದ್ದು ಅಂತ.

ನವೆಂಬರ್ 9

ಗಿರಾಕಿಗಳು ಬೆನ್ನು ತಟ್ಟುತ್ತಾರೆ. "ನಿನ್ನ ಅಂಗಡಿ ಕೆಳಗಿದ್ದದ್ದಕ್ಕೆ ಜೀವ ಉಳೀತು." ರೊಟ್ಟಿ ಕಟ್ಟಿ ಕೊಡುತ್ತೇನೆ. ನಾಚಿಕೆಯಾಗುತ್ತದೆ.

ನಗಾತ್ ಕೇಳಿದಳು, "ಬುಟ್ಟಿ ಎಷ್ಟೊತ್ತಿಗೆ ಇಳಿದಿತ್ತು?" ಹಂಡೆ ತಿಕ್ಕುತ್ತಿದ್ದೆ. ಗೊತ್ತಿಲ್ಲ ಅಂದೆ. ಅವಳು ಹಂಡೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ತಿಕ್ಕಿದಳು.

ಮಿಕ್ಕಿದ್ದನ್ನು ಈಗ ಬೆಕ್ಕುಗಳಿಗೆ ಹಾಕುತ್ತೇನೆ. ಅದರಿಂದೇನು...

ಡಿಸೆಂಬರ್ 21

ಖಾಲಾ ಮನೆಗೆ ಬಂದಿದ್ದಾಳೆ. ಅವಳ ತಂಗಿಯ ಮಗಳು ಜೊತೆಗಿದ್ದಾಳೆ. ಇವತ್ತು ಬುಟ್ಟಿ ಇಳಿಯಿತು. ಒಳಗೆ ಕೀ.

ಅಂಗಡಿ ಬಯ್ಯೂಮಿಗೆ ಬಿಟ್ಟು ಹತ್ತಿದೆ. ಬಿಸಿ ಫೂಲ್, ಮೇಲೆ ಎಣ್ಣೆ, ನಿಂಬೆ. ನನ್ನನ್ನು ಮಂಚದ ಪಕ್ಕ ಕೂರಿಸಿಕೊಂಡು ಒಂದು ತುತ್ತು ತಿಂದಳು.

"ಇದು ಇವತ್ತಿಂದು," ಅಂದಳು. ಆಮೇಲೆ, "ಆವತ್ತು ನೀನು ಕೀ ಮುಟ್ಟಿದ್ದು ಕಂಬಿ ಸಂದಿಯಿಂದ ಕಂಡೆ ಕಣೋ. ಸದ್ಯ, ಇನ್ನು ಬರ್ತಾನೆ ಅಂತ ಸಮಾಧಾನ ಮಾಡ್ಕೊಂಡೆ."

ಸಿಟ್ಟೇ ಇರಲಿಲ್ಲ ದನಿಯಲ್ಲಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಖಾಲಾ, ಹಿಂದಿನ ದಿನದ ಫೂಲು... ನೀವಂದದ್ದು ನಿಜ," ಅಂದೆ.

"ಅದು ಗೊತ್ತು. ಆಮೇಲೆ?"

"ಆಮೇಲೆ ನಾನು... ಬೈತೀರಿ ಅಂತ ಕೀ ನೋಡಿಯೂ ಹತ್ತಲಿಲ್ಲ ಖಾಲಾ," ಅಂದೆ.