ಎರಡನೇ ಗುಂಡಿ

ಚಿಲಿಕಾಥಿ, ಒಹಾಯೊ
14 ಏಪ್ರಿಲ್ 1996, ಭಾನುವಾರ

ತಮ್ಮ ಡ್ವೈಟ್‌ಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಇನ್ನೊಬ್ಬರ ಕೋಟಿನ ಮೇಲೆ ಬಗ್ಗಿ ಕೂತು ಅಷ್ಟು ಹೊತ್ತು ಹೊಲಿದರೆ ನೋಯದೆ ಇನ್ನೇನಾದೀತು. ಅಪ್ಪ ಆರೋಗ್ಯವಾಗಿದ್ದಾರೆ. ಕಣ್ಣು ಮಾತ್ರ ಇನ್ನಷ್ಟು ಮಂದವಾಗಿದೆ. ಕಾಫಿ ಲೋಟ, ಔಷಧಿ ಡಬ್ಬಿ, ನನ್ನ ಮುಖ ಎಲ್ಲವನ್ನೂ ಈಗ ಕೈಯಿಂದಲೇ ಗುರುತಿಸುತ್ತಾರೆ. ನಿನಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ ಬದಲು ಫೋನಿನ ಸಂದೇಶ ಹಿಡಿಯುವ ಯಂತ್ರ ಬಹಳ ಮರ್ಯಾದೆಯಿಂದ ಮಾತಾಡಿತು. ಯಂತ್ರವನ್ನು ಬೈದು ನನಗೆ ರೂಢಿಯಿಲ್ಲ, ಅದಕ್ಕೇ ಈ ಕಾಗದ.

ನೀನು ಕಳಿಸಿದ ಪೆಟ್ಟಿಗೆ ಮಂಗಳವಾರ ಬಂತು. ಯುದ್ಧದ ಹಳೆ ಸಾಮಾನಿನ ಪ್ರದರ್ಶನದಲ್ಲಿ ನಿನ್ನ ಮೇಜಿಗೆ ಮೊದಲ ಬಹುಮಾನದ ನೀಲಿ ರಿಬ್ಬನ್ ಸಿಕ್ಕಿದ್ದಕ್ಕೆ ಅಭಿನಂದನೆ. ಅದು ನೀನು ಇಲ್ಲಿಂದ ಕೇಳಿ ಒಯ್ದ, ಅಪ್ಪ ಯುದ್ಧದಿಂದ ತಂದ ಜರ್ಮನ್ ಜಾಕೆಟ್ಟಿಗೆ ಬಂದದ್ದಲ್ಲ, ನಿನ್ನ ಹೊಲಿಗೆಗೆ ಬಂದದ್ದು. ಪೆಟ್ಟಿಗೆಯಲ್ಲಿ ನಿನ್ನ ಚೀಟಿಯೂ ಇತ್ತು: "ಈಗ ಇದಕ್ಕೊಂದು ಗತ್ತು ಬಂತು ನೋಡಕ್ಕ." ಬಿಚ್ಚಿ ನೋಡಿದೆ. ಸಾದಾ ಕಾಲಾಳಿನ ಬೂದು ಪಟ್ಟಿಯಿದ್ದ ಕಾಲರಿನ ಮೇಲೆ ಕೊಲೆಗಡುಕ ಎಸ್‌ಎಸ್ ಪಡೆಯ ಗುರುತಾದ ಜೋಡಿ ಮಿಂಚು ಕೂತಿತ್ತು. ಕೋಟಿಗೆ ಗತ್ತು, ಮನೆಗೆ ಕುತ್ತು.

ಇಪ್ಪತ್ತು ವರ್ಷದಿಂದ ಚರ್ಚಿನ ಗಾಯಕರ ನಿಲುವಂಗಿ ರಿಪೇರಿ ಮಾಡುವವಳು ನಾನು. ನನ್ನ ಕಣ್ಣಿಗೇ ಮಣ್ಣೆರಚುತ್ತೀಯಾ? ಆದರೂ ಅನ್ಯಾಯವಾಗಬಾರದೆಂದು ನಿನಗೆ ಈ ಸಂಗ್ರಹದ ಹುಚ್ಚು ಹಿಡಿಸಿದ ಗುರು ಎಮೆಟ್ ಮಾಮನನ್ನೇ ಕರೆಸಿದೆ. ಅವರು ತಮ್ಮ ನೇರಳೆ ದೀಪ ತಂದರು. ಅಡುಗೆಮನೆಯ ಪರದೆ ಎಳೆದು ಹಚ್ಚಿದರೆ, ಜಾಕೆಟ್ಟೆಲ್ಲ ಸತ್ತ ಇಲಿಯ ಹಾಗೆ ಮಂಕಾಗಿದೆ, ಕಾಲರಿನ ದಾರ ಮಾತ್ರ ಝಗಝಗ. ಯುದ್ಧಕಾಲದ ದಾರ ಆ ದೀಪಕ್ಕೆ ಹೊಳೆಯುವುದಿಲ್ಲ ಎಂದು ನನಗೆ ಹೇಳಿಕೊಟ್ಟವನು ನೀನೇ. "ಬಟ್ಟೆ ಮುದುಕ, ದಾರ ಕೂಸು. ನಿನ್ನ ತಮ್ಮ ಜಾಕೆಟ್ ಕಳಿಸಿಲ್ಲ ಕಣೇ ಮಾರ್ಲಿಸ್, ಕ್ರಿಸ್ಮಸ್ ಮರ ಕಳಿಸಿದಾನೆ" ಅಂದರು. ಆಮೇಲೆ ನಗಲಿಲ್ಲ. ದೀಪ ಆರಿಸಿ ಪರದೆ ಸರಿಸಿದರು.

ನೀನು ಮೇಜಿನ ಮೇಲೆ ಇಟ್ಟಿದ್ದ ವಿವರದ ಕಾರ್ಡೂ ಪೆಟ್ಟಿಗೆಯಲ್ಲೇ ಬಂದಿತ್ತು. ಕೈಕೈ ಮಿಲಾಯಿಸಿದ ಕಾಳಗದಲ್ಲಿ ಗೆದ್ದು ತಂದದ್ದಂತೆ! ಅಪ್ಪ ಅದನ್ನು ಗೆದ್ದು ತರಲಿಲ್ಲ. ರೈನ್ ನದಿಯ ಈಚೆ ಸೆರೆ ಸಿಕ್ಕ ಹದಿನೇಳರ ಹುಡುಗ ವಿಲ್‌ಫ್ರೀಡ್ ತೊಯ್ದು ನಡುಗುತ್ತಿದ್ದ ಎಂದು ತಮ್ಮ ಉಣ್ಣೆಯ ಸ್ವೆಟರ್ ತೊಡಿಸಿ, ಒದ್ದೆ ಜಾಕೆಟ್ ಒಲೆಯ ಹತ್ತಿರ ಒಣಗಲು ಹಾಕಿದರು. ಅದು ಒಣಗಿತು, ಹುಡುಗ ಉಳಿಯಲಿಲ್ಲ. ಐವತ್ತು ವರ್ಷದಿಂದ ಅಪ್ಪ ಆ ಜಾಕೆಟ್ಟನ್ನು ಒಣಗಿಸುತ್ತಲೇ ಇದ್ದಾರೆ.

ಒಳಗಿನ ಬಟ್ಟೆಯ ಮೇಲಿದ್ದ ಶಾಯಿಯ ಹೆಸರು ಹಿಡಿದು ಹುಡುಕಿ, ಕೊನೆಗೆ ಹೋದ ವರ್ಷ ಅವನ ತಂಗಿ ಇರ್ಮ್‌ಗಾರ್ಡ್ ಸಿಕ್ಕಿದಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಪಾದ್ರಿಯ ಹೆಂಡತಿ ಅವಳ ಜರ್ಮನ್ ಕಾಗದ ಓದಿ ಹೇಳುವಾಗ ನೀನು ಕುಂಬಳಕಾಯಿ ಪೈ ತಿನ್ನುತ್ತ ಫುಟ್‌ಬಾಲ್ ನೋಡುತ್ತಿದ್ದೆ. ಮತ್ತೊಮ್ಮೆ ಕೇಳು. ಅಣ್ಣ ಎರಡು ದಿನದ ರಜೆಗೆ ಮನೆಗೆ ಬಂದಿದ್ದನಂತೆ. ಜಾಕೆಟ್ಟಿನ ಎರಡನೇ ಗುಂಡಿ ಬಿದ್ದುಹೋಗಿತ್ತು. ತೀರಿಹೋಗಿದ್ದ ಗಂಡನ ಅಂಗಿಯಿಂದ ಗುಂಡಿ ಕಿತ್ತು ತಾಯಿ ಅಲ್ಲಿ ಹೊಲಿದಳು. ಎಂಟು ವರ್ಷದ ತಂಗಿ ಆರಿಸಿದ್ದು ಕಂದು ಬಣ್ಣದ್ದು, ಅಂಚಿನಲ್ಲಿ ಒಂಚೂರು ಚಕ್ಕೆ ಎದ್ದದ್ದು. "ಆ ಗುಂಡಿ ಇದ್ದರೆ ಅದು ನಮ್ಮಣ್ಣನದೇ" ಎಂದು ಬರೆದಿದ್ದಳು. ಇತ್ತಲ್ಲ! ಅದಕ್ಕೇ ಮೇ ನಾಲ್ಕಕ್ಕೆ ಸಮುದ್ರ ದಾಟಿ ಬರುತ್ತಿದ್ದಾಳೆ.

ನೀನು ಮಿಂಚು ಹೊಲಿದದ್ದು ಆ ಕಾಲರಿನ ಮೇಲೆ. ನನ್ನ ಕಣ್ಣು ಚೂಪಾಗಿರದಿದ್ದರೆ, ಆ ಹೆಂಗಸು ನಮ್ಮ ಅಡುಗೆಮನೆಯಲ್ಲಿ ಕೂತು, ತನ್ನಣ್ಣ ಅಂಥವರ ಪೈಕಿ ಎಂದು ತಿಳಿದು ವಾಪಸು ಹೋಗುತ್ತಿದ್ದಳು. ಮೇಜಿಗೊಂದು ರಿಬ್ಬನ್, ಸತ್ತವನಿಗೊಂದು ಮಸಿ. ಇದಕ್ಕೆ ನಿಮ್ಮ ಸಂಗ್ರಹಕಾರರ ಭಾಷೆಯಲ್ಲಿ ಏನೋ ಹೆಸರಿರಬಹುದು. ನಮ್ಮಮ್ಮನ ಭಾಷೆಯಲ್ಲಿ ಇದಕ್ಕೆ ಕಪಾಳಮೋಕ್ಷ ಅಂತ ಹೆಸರು.

ಮಿಂಚುಗಳನ್ನು ನಿನ್ನೆಯೇ ಬಿಚ್ಚಿದೆ. ಕೆಳಗೆ ಹಳೆಯ ಪಟ್ಟಿಯ ಗುರುತು ಬಟ್ಟೆಯಲ್ಲಿ ಹಾಗೇ ಉಳಿದಿತ್ತು. ಆ ಬೂದು ಪಟ್ಟಿಗಳನ್ನು ನೀನು ಚೀಲದಲ್ಲಿ ಹಾಕಿ ಜಾಕೆಟ್ಟಿನ ಜೇಬಿನಲ್ಲಿಟ್ಟಿದ್ದೆ. ಅಸಲಿ ಸಾಮಾನು ಎಸೆಯುವುದು ನಿಮ್ಮಲ್ಲಿ ಪಾಪವಂತೆ. ಆದರೆ ಕಂದು ಗುಂಡಿ ಅದರಲ್ಲಿ ಇರಲಿಲ್ಲ. ಅದರ ಜಾಗದಲ್ಲಿ ಉಳಿದ ಐದಕ್ಕೆ ಸರಿಜೋಡಿಯಾದ ಬೂದು ಗುಂಡಿ. ನಿಮ್ಮ ಪುಸ್ತಕದ ಪ್ರಕಾರ ಕಂದು ಗುಂಡಿ ತಪ್ಪು, ಅಲ್ಲವೇ? ಎಮೆಟ್ ಮಾಮ ಅಂದರು, "ಆ ವರ್ಷ ಆ ದೇಶದಲ್ಲಿ ಹೊಂದೋ ಗುಂಡಿ ಯಾರ ಹತ್ರ ಇತ್ತಪ್ಪ?"

ನಾನು ಪಟ್ಟಿ ವಾಪಸು ಹೊಲಿಯುತ್ತೇನೆ, ಹಳೆಯ ತೂತುಗಳಲ್ಲೇ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಸೂಜಿಯನ್ನು ಮಾತ್ರ ಕಳೆದುಹಾಕಲಿ. ಮಕ್ಕಳಿಗೆ ನನ್ನ ಮುತ್ತು.

ಇಷ್ಟಾದರೂ ನಿನ್ನ ಅಕ್ಕನೇ ಆಗಿರುವ,
ಮಾರ್ಲಿಸ್

ಮ.ವಿ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು ಜಾಕೆಟ್ ಕೇಳಿದರು. ತೊಡೆಯ ಮೇಲೆ ಹರಡಿಕೊಂಡು ಮೇಲಿನಿಂದ ಬೆರಳಾಡಿಸಿದರು. ಎರಡನೆಯದರಲ್ಲಿ ಬೆರಳು ನಿಂತಿತು. "ಇದು ಅದಲ್ಲ ಮಾರ್ಲಿಸ್" ಅಂದರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಸಡಿಲವಾಗಿತ್ತು, ಎಲ್ಲಾದರೂ ಬಿದ್ದೀತೆಂದು ಡ್ವೈಟ್ ಬಿಚ್ಚಿ ಜೋಪಾನ ಮಾಡಿದ್ದಾನೆ, ತಾನೇ ತರುತ್ತಾನೆ ಅಂದುಬಿಟ್ಟೆ. "ಅಂಥಾ ವಿಷಯದಲ್ಲಿ ಅವನು ಹುಷಾರು" ಎಂದು ನೆಮ್ಮದಿಯಾಗಿ ಮಲಗಲು ಹೋದರು. ನಿನ್ನ ಮೇಜಿನ ಕೆಳಗೆ, ಕಸದ ಡಬ್ಬಿಯಲ್ಲಿ, ವ್ಯಾಕ್ಯೂಮಿನ ಚೀಲದಲ್ಲಿ, ಎಲ್ಲಿದ್ದರೂ ಹುಡುಕು. ಸಿಕ್ಕರೆ ಮೇ ನಾಲ್ಕರ ಒಳಗೆ ತಾ. ಸಿಗದಿದ್ದರೂ ಬಾ, ಅಪ್ಪನಿಗೂ ಆ ತಂಗಿಗೂ ನೀನೇ ಹೇಳಬೇಕು. ನಿನಗಾಗಿ ನಾನು ಹೇಳುವ ಸುಳ್ಳು ಈ ಒಂದೇ.